ಸ್ಟಾರ್ಟ್ ಆಗದ ಮಿಷನ್ನೂ ನಮ್ಮ ಮಾವನವರೂ

ನಗು ಬರುವಂಥ ಸಂಗತಿಗಳನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋಗುವುದಿಲ್ಲ. ಅವೇ ಗೋಣಿಚೀಲದಲ್ಲಿ ಕೂತು, ಬಸ್ಸು ಹತ್ತಿ, ನನ್ನ ಅಂಗಡಿ ಬಾಗಿಲಿಗೆ ಬರುತ್ತವೆ. ನನ್ನದು ಶ್ರೀನಿವಾಸಪುರದಲ್ಲಿ ಮರ ಕುಯ್ಯುವ ಮಿಷನ್ ರಿಪೇರಿ ಮಾಡುವ ಅಂಗಡಿ. ಓದುವವರಲ್ಲಿ ಕೆಲವರು ಈ ಮಿಷನ್ ನೋಡಿರಲಿಕ್ಕಿಲ್ಲ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಅದು ಪೆಟ್ರೋಲಿನಲ್ಲಿ ಓಡುವ ಗರಗಸ. ಹಿಂದೆ ಇಂಜಿನ್ನು, ಮುಂದೆ ಉದ್ದನೆಯ ಪಟ್ಟಿ, ಪಟ್ಟಿಯ ಸುತ್ತ ಹಲ್ಲುಗಳಿರುವ ಚೈನು. ಪಕ್ಕದಲ್ಲಿರುವ ಹಗ್ಗ ಎಳೆದರೆ ಸ್ಟಾರ್ಟ್ ಆಗಬೇಕು. ಆಗದಿದ್ದರೆ ನನ್ನ ಹತ್ತಿರ ಬರುತ್ತದೆ. ನಮ್ಮದು ಮಾವಿನ ಸೀಮೆಯಾದ್ದರಿಂದ, ಕಾಯಿ ಕಿತ್ತು ಮುಗಿದ ಮೇಲೆ ಕೊಂಬೆ ಸವರಲು ಎಲ್ಲರಿಗೂ ಇದು ಬೇಕು.

ಸ್ಟಾರ್ಟ್ ಆಗದ ಮಿಷನ್ನಿನಲ್ಲಿ ನೋಡಬೇಕಾದ್ದು ಹೆಚ್ಚೇನಿಲ್ಲ. ಕಿಡಿ ಬರುತ್ತಿದೆಯೇ, ಪೆಟ್ರೋಲು ಸೇರುತ್ತಿದೆಯೇ, ಉಸಿರಾಡುತ್ತಿದೆಯೇ, ಇಷ್ಟೇ. ಉಸಿರಾಟ ಎಂದರೆ ಗಾಳಿ ಒಳಗೆ ಹೋಗಬೇಕು, ಹೊಗೆ ಹೊರಗೆ ಬರಬೇಕು. ಇದನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬಾಳೆಗೊನೆ

ಅಂಗಡಿ ಪೂಜೆಯ ದಿನ ನಮ್ಮ ಮಾವನವರು, ಅಂದರೆ ನನ್ನ ಹೆಂಡತಿಯ ತಂದೆ, ಎಲ್ಲರಿಗಿಂತ ಮೊದಲು ಬಂದಿದ್ದರು. ಅವರದು ಯಲ್ದೂರಿನ ಪಕ್ಕದ ಹಳ್ಳಿ. ತೆಂಗಿನಕಾಯಿ ಒಡೆದರು, ಹೊಸ ಕುರ್ಚಿಯಲ್ಲಿ ಕೂತು ಕಾಫಿ ಕುಡಿದರು, ಚೆನ್ನಾಗಿ ನಡೀಲಿ ಎಂದು ಹರಸಿದರು. ಅವರಿಗೆ ದೊಡ್ಡ ಮಾವಿನ ತೋಟವಿದೆ, ಒಂದು ಹಳೆಯ ಮಿಷನ್ನೂ ಇದೆ. ತಾಲ್ಲೂಕಿನ ಬೇರೆ ಮಿಷನ್‌ಗಳು ಬರಲಿ ಬಿಡಲಿ, ಅದೊಂದು ಬಂದೇ ಬರುತ್ತದೆ ಎಂದು ನಾನು ನಂಬಿದ್ದೆ. ಸ್ವಂತ ಮಾವನೇ ಬರದ ಅಂಗಡಿಗೆ ಊರಿನವರು ಯಾಕೆ ಬಂದಾರು, ಹೇಳಿ.

ಸ್ವಲ್ಪ ದಿನ ಕಳೆಯಿತು. ಟೀ ಕುಡಿಯಲು ಹೊರಗೆ ಬಂದವನು ನೋಡುತ್ತೇನೆ, ರಸ್ತೆಯ ಎದುರುಗಡೆ ಮಾವನವರು ಕೋಲಾರದ ಬಸ್ಸಿಗೆ ಕಾಯುತ್ತ ನಿಂತಿದ್ದಾರೆ. ಹೆಗಲ ಮೇಲೆ ಗೋಣಿಚೀಲ. ಚೀಲದ ಬಾಯಿಂದ ಮಿಷನ್ನಿನ ಪಟ್ಟಿ, ಚೈನಿನ ಸಮೇತ, ಮೊಳದುದ್ದ ಹೊರಗೆ ಚಾಚಿಕೊಂಡಿದೆ. ಹತ್ತಿರ ಹೋಗಿ ಕೇಳಿದೆ.

"ಏನ್ ಮಾವ, ಚೀಲದಲ್ಲಿ?"

"ಏನಿಲ್ಲ ಅಳಿಯಂದ್ರೆ. ಬಾಳೆಗೊನೆ. ಕೋಲಾರದಲ್ಲಿ ಒಬ್ರಿಗೆ ಕೊಡ್ಬೇಕು."

ನಾನು ಹೂಂ ಎಂದೆ. ಅವರೂ ಹೂಂ ಎಂದರು. ಇಬ್ಬರೂ ಆ ಪಟ್ಟಿಯ ಕಡೆ ನೋಡದ ಹಾಗೆ ಮಳೆ ಬೆಳೆ ಮಾತಾಡಿದೆವು. ಕೋಲಾರದಲ್ಲಿ ಅವರಿಗೆ ಮೊದಲಿನಿಂದ ಗೊತ್ತಿರುವ ಒಬ್ಬ ಮೆಕ್ಯಾನಿಕ್ ಇದ್ದಾನೆಂದು ನನಗೆ ಗೊತ್ತಿತ್ತು. ಬಸ್ಸು ಬಂತು. ಮಾವನವರು ಚೀಲವನ್ನು ಸೀಟಿನ ಮೇಲೆ ಮಲಗಿಸಿದರು. ನಮ್ಮ ಮಾತು ಕೇಳಿಸಿಕೊಂಡಿದ್ದ ಕಂಡಕ್ಟರು ಹೇಳಿದ:

"ಯಜಮಾನ್ರೆ, ಬಾಳೆಗೊನೆ ಕೆಳಗಿಡಿ. ಅದಕ್ಕೆ ಹಲ್ಲು ಬಂದಿದೆ, ಸೀಟು ಕಚ್ಚುತ್ತೆ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಕ್ಕಳು. ಅಳಿಯನ ಕೈಯಲ್ಲಿ ಕೆಲಸ ಮಾಡಿಸಬಾರದು ಅನ್ನುತ್ತಾರಲ್ಲ, ಅಪ್ಪನಿಗೆ ಅದೇ ಸಂಕೋಚ ಎಂದಳು. ನಮ್ಮ ಕಡೆ ಈ ಪದ್ಧತಿ ಇದೆ. ಮಾವನ ಮನೆಗೆ ಹೋದರೆ ಅಳಿಯ ಎಂಜಲು ತಟ್ಟೆಯನ್ನೂ ಎತ್ತುವ ಹಾಗಿಲ್ಲ. ಆದರೆ ನನಗೆ ಅವಳ ಮಾತು ನಂಬಿಕೆಯಾಗಲಿಲ್ಲ. ನನ್ನ ಕೆಲಸದ ಮೇಲೆ ಮಾವನವರಿಗೆ ಭರವಸೆ ಇಲ್ಲ, ಅಷ್ಟೇ ಎಂದು ತೀರ್ಮಾನಿಸಿದೆ. ಆ ಮಿಷನ್ ಒಂದು ದಿನ ನನ್ನ ಅಂಗಡಿ ಮೆಟ್ಟಿಲು ಹತ್ತಬೇಕು ಎಂಬ ಹಟ ಹುಟ್ಟಿದ್ದು ಆವಾಗ.

ಲಕ್ಕೂರಿನ ಕಾಯಿಲೆ

ಅಂಗಡಿ ತೆರೆಯುವ ಮೊದಲು ನಾನು ಮಾಲೂರಿನ ಒಂದು ಕಾರ್ಖಾನೆಯಲ್ಲಿದ್ದೆ, ವಾಸ ಲಕ್ಕೂರಿನಲ್ಲಿ. ಹಳೆಯ ಪರಿಚಯ ಎಂದು ಅಲ್ಲಿಂದ ಒಬ್ಬ ರೈತರು ಬೈಕಿನ ಹಿಂದೆ ಮಿಷನ್ ಕಟ್ಟಿಕೊಂಡು ಅಷ್ಟು ದೂರ ಬಂದರು. ಬಂದವರೇ ಅದರ ಕಷ್ಟವನ್ನೆಲ್ಲ ಹೇಳಿಕೊಂಡರು. ಎಳೆದು ಎಳೆದು ತೋಳು ಬಿದ್ದುಹೋಗಿದೆ, ಪೆಟ್ರೋಲು ಬದಲಾಯಿಸಿದ್ದಾಯಿತು, ಹೊಸ ಪ್ಲಗ್ಗು ಹಾಕಿದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು, ಜಪ್ಪಯ್ಯ ಅನ್ನುತ್ತಿಲ್ಲ.

ನಾನು ಮಿಷನ್ ಕೈಗೆ ತೆಗೆದುಕೊಂಡೆ. ಹಿಡಿಯ ಹತ್ತಿರ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಅದು ಆಫ್ ಆಗಿದ್ದರೆ ಎಷ್ಟು ಎಳೆದರೂ ಕಿಡಿ ಬರುವುದಿಲ್ಲ. ಅದು ಆಫ್ ಆಗಿತ್ತು. ಆನ್ ಮಾಡಿ ಹಗ್ಗ ಎಳೆದೆ. ಶುರುವಾಯಿತು.

ಅವರಿಗೆ ಸಂತೋಷವಾಗಬೇಕಿತ್ತು. ಮುಖ ಬಾಡಿಹೋಯಿತು. ಆಚೆ ಈಚೆ ನೋಡಿ, ಹತ್ತಿರ ಬಂದು ಹೇಳಿದರು.

"ಅಣ್ಣಾ, ಒಂದ್ಸಲ ಬಿಚ್ಚಿ ಹಾಕು. ಇದೊಂದು ಸ್ವಿಚ್ಚಿಗೆ ಇಲ್ಲೀಗಂಟ ಬಂದೆ ಅಂತ ಗೊತ್ತಾದ್ರೆ ಮನೇಲಿ ನನ್ನ ಗತಿ ಏನು?"

ನ್ಯಾಯವಾದ ಮಾತೇ. ಬಿಚ್ಚಿದೆ, ಗಾಳಿಯ ಫಿಲ್ಟರ್ ತೊಳೆದೆ, ಮತ್ತೆ ಜೋಡಿಸಿದೆ. ಅವರು ಸ್ವಲ್ಪ ಗ್ರೀಸು ತೆಗೆದು ತಮ್ಮ ಷರಟಿಗೂ ಹಚ್ಚಿಕೊಂಡರು. ಮನೆಯಲ್ಲಿ ಕೇಳಿದರೆ ಏನು ಹೇಳಲಿ ಎಂದರು. ನಾನು ಸುಳ್ಳು ಹೇಳುವವನಲ್ಲ. "ಪ್ಲಗ್ಗಿಗೆ ಕರೆಂಟು ಸೇರ್ತಾ ಇರಲಿಲ್ಲ ಅನ್ನಿ" ಎಂದೆ. ಅದನ್ನೇ ಬಾಯಿಪಾಠ ಮಾಡುತ್ತ ಬೈಕು ಹತ್ತಿದರು.

ಮುಂದಿನ ವಾರ ಅದೇ ಊರಿನಿಂದ ಇನ್ನೊಬ್ಬರು ಬಂದರು. ಮಿಷನ್ ಇಳಿಸುವ ಮೊದಲೇ, "ನಮ್ಮದಕ್ಕೂ ಅದೇ ಆಗಿದೆ, ಪ್ಲಗ್ಗಿಗೆ ಕರೆಂಟು ಸೇರ್ತಿಲ್ಲ" ಎಂದರು. ನೋಡಿದೆ. ಸ್ವಿಚ್ಚು ಆಫ್. ಅವರಿಗೂ ಬಿಚ್ಚಿ ಹಾಕಿಕೊಟ್ಟೆ. ಈಗ ಲಕ್ಕೂರಿನ ಕಡೆ ಅದು ಮಿಷನ್‌ಗಳಿಗೆ ಬರುವ ಒಂದು ಕಾಯಿಲೆ. ಒಬ್ಬರದಕ್ಕೆ ಬಂದರೆ ಪಕ್ಕದವರು ತಮ್ಮ ಮಿಷನ್ನನ್ನು ದೂರ ಇಡುತ್ತಾರಂತೆ, ಅಂಟೀತು ಎಂದು.

ಎರಡು ಮುಚ್ಚಳ

ಮಿಷನ್ನಿಗೆ ಎರಡು ಮುಚ್ಚಳಗಳಿವೆ. ಒಂದರೊಳಗೆ ಇಂಜಿನ್ನಿಗೆ ಬೇಕಾದ ಪೆಟ್ರೋಲು, ಇನ್ನೊಂದರೊಳಗೆ ಚೈನು ಜಾರಲು ಬೇಕಾದ ಆಯಿಲ್ಲು. ಬೈರಕೂರಿನ ಕಡೆಯ ಗಂಡ ಹೆಂಡತಿ ತಂದ ಮಿಷನ್ನಿನಲ್ಲಿ ಇದು ಅದಲುಬದಲಾಗಿತ್ತು. ಪೆಟ್ರೋಲು ಚೈನಿಗೆ, ಆಯಿಲ್ಲು ಇಂಜಿನ್ನಿಗೆ.

ಮುಳಬಾಗಿಲಿನ ಆ ಭಾಗ ಆಂಧ್ರದ ಗಡಿ. ಅಲ್ಲಿಯವರು ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾರೆ, ಜಗಳಕ್ಕೆ ಮಾತ್ರ ತೆಲುಗು ಇಟ್ಟುಕೊಂಡಿರುತ್ತಾರೆ. ನಾನು ವಿಷಯ ಹೇಳಿದ ತಕ್ಷಣ ಆ ಹೆಂಗಸು ಗಂಡನ ಕಡೆ ತಿರುಗಿ, "ನೇನು ಅಪ್ಪುಡೇ ಚೆಪ್ಪಿನಾ ಕದಾ" ಎಂದರು. ನಾನು ಆವಾಗಲೇ ಹೇಳಿದೆನಲ್ಲ ಎಂದು ಅರ್ಥ. ಗಂಡ ನನ್ನ ಕಡೆ ತಿರುಗಿ ಕನ್ನಡದಲ್ಲಿ ವಾದ ಹೂಡಿದ.

"ಅದಕ್ಕೇನ್ ಬಿಡಣ್ಣ. ಎರಡೂ ಎಣ್ಣೆ ಜಾತಿ, ಎರಡೂ ಒಂದೇ ಮಿಷನ್ನೊಳಕ್ಕೆ ತಾನೆ ಹೋಗೋದು?"

ಆ ಹೆಂಗಸು ಸೆರಗು ಸರಿಮಾಡಿಕೊಂಡು, ನನಗೂ ಅರ್ಥವಾಗಲೆಂದು ಕನ್ನಡಕ್ಕೇ ಬಂದರು.

"ಆಯ್ತು. ನಾಳೆಯಿಂದ ಮುದ್ದೆ ಮೇಲೆ ಕಾಫಿ ಹುಯ್ತೀನಿ, ಲೋಟಕ್ಕೆ ಉಪ್ಸಾರು. ಎರಡೂ ಒಂದೇ ಹೊಟ್ಟೇಗೆ ತಾನೆ ಹೋಗೋದು."

ಟ್ಯಾಂಕುಗಳನ್ನು ತೊಳೆದು, ಕಾರ್ಬೊರೇಟರ್ ಬಿಚ್ಚಿ ಶುದ್ಧ ಮಾಡುವಷ್ಟರಲ್ಲಿ ಸಂಜೆಯಾಯಿತು. ಹೊರಡುವಾಗ ಕೇಳಿದೆ, ಇಷ್ಟು ದೂರದಿಂದ ನನ್ನ ಅಂಗಡಿಗೇ ಯಾಕೆ ಬಂದಿರಿ ಎಂದು. ಯಲ್ದೂರಿನ ಹತ್ತಿರ ಒಬ್ಬ ಯಜಮಾನರು ಸಿಕ್ಕಿದ್ದರಂತೆ. ನಮ್ಮ ಅಳಿಯಂದಿರ ಹತ್ತಿರ ಹೋಗಿ, ಅವರ ಕೈಯಲ್ಲಿ ಆಗದ್ದು ಯಾರ ಕೈಯಲ್ಲೂ ಆಗುವುದಿಲ್ಲ ಎಂದರಂತೆ.

"ಅವರು ಎಲ್ಲಿ ಸಿಕ್ಕಿದ್ರು?"

"ಬಸ್ಸಲ್ಲಿ. ಕೋಲಾರಕ್ಕೆ ಹೋಗ್ತಿದ್ರು. ಕೈಯಲ್ಲಿ ಚೀಲ ಇತ್ತು."

ಹಬ್ಬದ ಮಾರನೆಯ ದಿನ

ಆಯುಧಪೂಜೆಯ ಮಾರನೆಯ ದಿನ ನನಗೆ ವರ್ಷದಲ್ಲೇ ಹೆಚ್ಚು ಕೆಲಸ. ಕಾರಣ ಹೇಳುತ್ತೇನೆ. ಹಬ್ಬದ ಹಿಂದಿನ ದಿನ ಎಲ್ಲರೂ ಟ್ರ್ಯಾಕ್ಟರ್ ತೊಳೆಯುವ ಪೈಪಿನಲ್ಲೇ ಮಿಷನ್ನನ್ನೂ ತೊಳೆಯುತ್ತಾರೆ. ಇಂಜಿನ್ನಿಗೆ ನೀರು ಹೋಗುತ್ತದೆ. ಪೂಜೆಯ ದಿನ ವಿಭೂತಿ, ಗಂಧ, ಕುಂಕುಮ. ನಮ್ಮವರ ಭಕ್ತಿಯಲ್ಲಿ ಒಂದು ವಿಶೇಷವಿದೆ. ಎಲ್ಲಿ ತೂತು ಕಂಡರೂ ಅಲ್ಲೊಂದು ಬೊಟ್ಟು ಇಡುತ್ತಾರೆ. ಗಾಳಿ ಎಳೆದುಕೊಳ್ಳುವ ಜಾಗಕ್ಕೆ ವಿಭೂತಿ ಮೆತ್ತಿದರೆ ಮಿಷನ್ ಹೇಗೆ ಉಸಿರಾಡಬೇಕು?

ಒಂದು ವರ್ಷ ಮಾಲೂರಿನ ಕಡೆಯ ಹಿರಿಯರೊಬ್ಬರು ಹೂವಿನ ಹಾರ ಹಾಕಿದ್ದ ಮಿಷನ್ನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಹಾರದ ಕೆಳಗೆ ಎಲ್ಲಿ ನೋಡಿದರೂ ಕುಂಕುಮ. ನಾನು ಬಟ್ಟೆ ತೆಗೆದುಕೊಂಡೆ. ಅವರು ಕೈ ಅಡ್ಡ ಹಿಡಿದರು.

"ಒರೆಸ್ಬೇಡಪ್ಪಾ. ದೇವರ ಕುಂಕುಮ. ಮನುಷ್ಯನ ಕೈಲಿ ಅಳಿಸಬಾರದು."

"ಒರೆಸದೆ ಬಿಚ್ಚೋದು ಹೆಂಗೆ ತಾತ? ಎಲ್ಲಾ ಒಳಗೆ ಬೀಳುತ್ತೆ."

"ತಾನೇ ಉದುರೋವರೆಗೂ ಕಾಯೋಣ" ಎಂದು ಬೆಂಚಿನ ಮೇಲೆ ಕೂತೇಬಿಟ್ಟರು.

ಬೇರೆ ಕೆಲಸ ಮಾಡುತ್ತಿದ್ದೆ. ಮಧ್ಯಾಹ್ನದವರೆಗೆ ಕಾದರು. ಕುಂಕುಮ ಉದುರುವ ಲಕ್ಷಣ ಕಾಣಲಿಲ್ಲ. ಆಮೇಲೆ ಎದ್ದು ನನ್ನ ಟೇಬಲ್ ಫ್ಯಾನನ್ನು ಮೆಲ್ಲಗೆ ಮಿಷನ್ನಿನ ಕಡೆ ತಿರುಗಿಸಿದರು. ಅಳಿಸಿದರೆ ತಪ್ಪು, ಗಾಳಿಗೆ ಹೋದರೆ ತಪ್ಪಲ್ಲವಂತೆ. ಸ್ಪೀಡನ್ನೂ ಅವರೇ ಪೂರ್ತಿಗಿಟ್ಟರು. ಮಿಷನ್ನಿನ ಆಚೆ ಬದಿ ನಾನು ಕೂತಿದ್ದೆ. ಒಂದೇ ಕ್ಷಣ. ನನ್ನ ಮುಖ, ಕೂದಲು, ಹಬ್ಬಕ್ಕೆ ಕೊಂಡ ಬಿಳಿ ಷರಟು, ಎಲ್ಲ ಕೆಂಪು. ಕಣ್ಣು ಬಿಟ್ಟು ನೋಡಿದರೆ ಹಿರಿಯರು ನನಗೆ ಕೈ ಮುಗಿದು ನಿಂತಿದ್ದಾರೆ.

"ಅಳಿಸಲಿಲ್ಲ ನೋಡು. ಮಿಷನ್ನಿಂದ ಮೇಸ್ತ್ರಿಗೆ ಬಂತು, ಅಷ್ಟೆ."

ರಸ್ತೆಯ ಆಚೆ, ರಸ್ತೆಯ ಈಚೆ

ಈಗ ಮಾವನವರ ವಿಷಯ. ದೀಪಾವಳಿ ಕಳೆದ ಮೇಲೆ ಅವರ ಎರಡನೆಯ ಮಗಳ, ಅಂದರೆ ನನ್ನ ನಾದಿನಿಯ, ಮದುವೆ ಗೊತ್ತಾಯಿತು. ಗಂಡಿನವರು ಮುಳಬಾಗಿಲು ಕಡೆಯವರು. ಮದುವೆಗೆ ಮುಂಚೆ ಮನೆ ಮುಂದೆ ಚಪ್ಪರ ಹಾಕುತ್ತೇವೆ. ಅದಕ್ಕೆ ನೆಡುವ ಮೊದಲ ಕಂಬ ಹಾಲುಗಂಬ, ಹಾಲು ಒಸರುವ ಮರದ್ದೇ ಆಗಬೇಕು. ಮಾವನವರ ಅಂಗಳದ ಮೂಲೆಯಲ್ಲಿ ಅತ್ತಿಮರವಿತ್ತು. ಶುಕ್ರವಾರ ಬೆಳಿಗ್ಗೆ ರಾಹುಕಾಲ ಶುರುವಾಗುವ ಮೊದಲು, ಅಂದರೆ ಹತ್ತೂವರೆಯೊಳಗೆ, ಅದರ ಕೊಂಬೆ ಕುಯ್ದು ಕಂಬ ನೆಡಬೇಕು. ನೋಡಲು ಬೀಗರ ಕಡೆಯಿಂದಲೂ ನಾಲ್ಕು ಜನ ಹಿರಿಯರು ಬಂದು ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಮನೆ ಮಿಷನ್ನಿನಲ್ಲಿ ನಾನೇ ಕುಯ್ತೀನಿ ಎಂದು ಮಾವನವರು ಅವರಿಗೆ ಮೊದಲೇ ಹೇಳಿದ್ದರು.

ಒಳಗಿಂದ ಮಿಷನ್ ಬಂತು. ಆಯುಧಪೂಜೆಯ ದಿನ ಹಾಕಿದ ಚೆಂಡುಹೂವಿನ ಹಾರ ಒಣಗಿ ಹಾಗೇ ಇತ್ತು. ಮಾವನವರು ಹಗ್ಗ ಎಳೆದರು. ಗುಕ್ ಎಂದು ನಿಂತಿತು. ಮತ್ತೆ ಎಳೆದರು. ಗುಕ್. ಆಮೇಲೆ ಅದೂ ಇಲ್ಲ.

ನಾನು ಎದ್ದೆ. "ಕೂತ್ಕೊಳ್ಳಿ ಅಳಿಯಂದ್ರೆ, ನೀವ್ಯಾಕೆ" ಎಂದರು. ಚಿಕ್ಕಮಾವ ಎಳೆದರು. ಪಕ್ಕದ ತೋಟದವರು ಎಳೆದರು. ಅಡಿಗೆಯವರು ಸೌಟು ಕೆಳಗಿಟ್ಟು ಬಂದು ಎಳೆದರು. ಬೀಗರ ಕಡೆಯ ಒಬ್ಬರು ಮರ್ಯಾದೆಗೆಂದು ಎದ್ದು, ತಾವೂ ಎಳೆದು, ಸೊಂಟ ಹಿಡಿದುಕೊಂಡು ಕೂತರು. ಗಾಳಿ ತಡೆಯುವ ಚೋಕ್ ಮುಚ್ಚಿಕೊಂಡು ಹೀಗೆ ಎಳೆಯುತ್ತ ಹೋದರೆ ಪೆಟ್ರೋಲು ತುಂಬಿ ಪ್ಲಗ್ಗು ನೆನೆದುಹೋಗುತ್ತದೆ. ಅದನ್ನು ನೋಡುತ್ತ ಸುಮ್ಮನೆ ಕೂತಿರುವುದು ಎಂಥ ಕಷ್ಟ ಎಂದು ಈ ಕೆಲಸ ಮಾಡುವವರಿಗೆ ಗೊತ್ತು. ಇನ್ನೊಮ್ಮೆ ಎದ್ದೆ. ನನ್ನ ಕೈಗೆ ಕೋಡುಬಳೆ ತಟ್ಟೆ ಕೊಟ್ಟು ಕೂರಿಸಿದರು.

ಯಾರೋ ಮಚ್ಚು ತರಲೇ ಎಂದರು. ಮಿಷನ್ ಇಟ್ಟುಕೊಂಡು ಮಚ್ಚಿನಲ್ಲಿ ಕುಯ್ಯೋದಾ ಎಂದು ಮಾವನವರು ರೇಗಿದರು. ಕೋಲಾರದ ಮೆಕ್ಯಾನಿಕ್ಕಿಗೆ ಫೋನು ಹೋಯಿತು. ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ ಎಂದನಂತೆ. ಹತ್ತು ಗಂಟೆ ದಾಟಿತ್ತು. ಬೀಗರು ವಾಚು ನೋಡಿಕೊಂಡರು. ಮಾವನವರ ಮುಖ ಬೆವರಿತ್ತು. ಅವರು ನನ್ನ ಕಡೆ ನೋಡಿದರು, ಮಿಷನ್ನಿನ ಕಡೆ ನೋಡಿದರು, ಮತ್ತೆ ನೆಲ ನೋಡಿದರು. ಹೆಂಡತಿ ಹೇಳಿದ್ದೇ ನಿಜ ಎಂದು ನನಗೆ ಆಗ ಗೊತ್ತಾಯಿತು. ಕೇಳಲು ಅವರಿಗೆ ಬಾಯಿ ಬರುತ್ತಿಲ್ಲ.

ಅತ್ತೆ ಅಡಿಗೆಮನೆಯಿಂದ ಬಂದರು. ಗಂಡನ ಪಕ್ಕ ನಿಂತು, ತರಕಾರಿ ವಿಷಯ ಹೇಳುವ ಹಾಗೆ ಹೇಳಿದರು.

"ಅಳಿಯಂದ್ರು ಕೆಲಸ ಮಾಡಬಾರದು ಅಂತ ಇರೋದು ನಮ್ಮ ಮನೇಲಿ ತಾನೆ? ಎದುರುಮನೆ ಜಗಲಿ ನಮ್ಮದಲ್ವಲ್ಲ."

ಮಾವನವರು ಒಂದು ಕ್ಷಣ ಯೋಚಿಸಿದರು. ಮಿಷನ್ ಎತ್ತಿಕೊಂಡು ಸರಸರನೆ ರಸ್ತೆ ದಾಟಿ, ಎದುರುಮನೆ ಅಜ್ಜಿಯ ಜಗಲಿಯ ಮೇಲೆ ಇಟ್ಟರು. ನಾನೂ ಹಿಂದೆಯೇ ಹೋದೆ. ಅಲ್ಲಿ ಕಾಲಿಟ್ಟದ್ದೇ ತಡ, ಅವರ ದನಿಯೇ ಬದಲಾಯಿತು.

"ಏನಯ್ಯಾ ಮೇಸ್ತ್ರಿ, ನಿಂತ್ಕೊಂಡು ಏನ್ ನೋಡ್ತೀಯ? ಬೇಗ ನೋಡು. ಕೋಲಾರದವನಾಗಿದ್ರೆ ಇಷ್ಟೊತ್ತಿಗೆ ಮುಗಿಸಿರೋನು."

ಮದುವೆಯಾದ ಮೇಲೆ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನಿಜ ಹೇಳುತ್ತೇನೆ, ಬಹಳ ಹಿತವಾಯಿತು.

ಮೊದಲು ಕಿಡಿ ನೋಡಿದೆ. ಚೆನ್ನಾಗಿತ್ತು. ನೆನೆದ ಪ್ಲಗ್ಗನ್ನು ಒರೆಸಿ ಬಿಸಿಲಿಗಿಟ್ಟೆ. ಪೆಟ್ರೋಲೂ ಸರಿಯಿತ್ತು, ಗಾಳಿಯ ಫಿಲ್ಟರೂ ಶುದ್ಧ. ಎಲ್ಲ ಜೋಡಿಸಿ, ಚೋಕ್ ಬಿಟ್ಟು ಎಳೆದೆ. ಗುಕ್ ಎಂದು ಮತ್ತೆ ನಿಂತಿತು. ಕಿಡಿ ಇದೆ, ಪೆಟ್ರೋಲು ಇದೆ, ಗಾಳಿ ಒಳಗೆ ಹೋಗುತ್ತಿದೆ. ಹಾಗಾದರೆ ಹೊಗೆಗೆ ಹೊರಗೆ ಬರಲು ದಾರಿ ಇಲ್ಲ. ಹಾರ ಸರಿಸಿ ಸೈಲೆನ್ಸರ್ ಬಾಯಿ ನೋಡಿದೆ. ಅಲ್ಲಿ ದಪ್ಪನೆಯ ಗಂಧದ ಬೊಟ್ಟು. ಒಣಗಿ ಕಲ್ಲಾಗಿದೆ. ಅದರ ನಡುವೆ, ಕುಂಕುಮದಡಿಯಲ್ಲಿ, ಒಂದು ರೂಪಾಯಿ ನಾಣ್ಯ. ಪೂಜೆಯಲ್ಲಿ ಗಂಧದ ಮೇಲೆ ನಾಣ್ಯ ಅಂಟಿಸುವುದು ನಮ್ಮಲ್ಲಿ ವಾಡಿಕೆ. ಮಾವನವರು ಅದನ್ನು ಸರಿಯಾಗಿ ಹೊಗೆ ಬರುವ ಬಾಯಿಗೇ ಮುಚ್ಚಳದ ಹಾಗೆ ಅಂಟಿಸಿದ್ದರು.

ನಾನು ಸ್ಕ್ರೂಡ್ರೈವರ್ ತೆಗೆದುಕೊಂಡೆ. ಅವರು ತಡೆದರು. "ಏಯ್, ಪೂಜೆದು. ನೀನು ಮುಟ್ಟಬೇಡ."

"ನೀವೇ ಇಟ್ಟಿದ್ದಲ್ವಾ, ನೀವೇ ತೆಗೀರಿ" ಎಂದು, ನಮ್ಮ ಹಿಂದೆಯೇ ಬಂದಿದ್ದ ಅತ್ತೆ ತಾಳಿಸರದಿಂದ ಒಂದು ಪಿನ್ನು ಬಿಚ್ಚಿ ಕೊಟ್ಟರು.

ಮಾವನವರು ಮೊದಲು ಮಿಷನ್ನಿಗೆ ಕೈ ಮುಗಿದು, ಆಮೇಲೆ ಕೂತು ಪಿನ್ನಿನಿಂದ ಕೆರೆದರು. ಅಷ್ಟರಲ್ಲಿ ಎದುರುಮನೆ ಅಜ್ಜಿ ಬಂದು, ನಮ್ಮ ಜಗಲಿಯಲ್ಲಿ ಇವನು ಅಳಿಯ ಅಲ್ಲ ಅನ್ನುವುದಾದರೆ ನಮ್ಮ ಬಾಗಿಲ ಚಿಲಕವನ್ನೂ ನೋಡಲಿ ಎಂದಳು. ನೋಡಿದೆ. ಅದು ಸರಿಯಾಗುವ ಹೊತ್ತಿಗೆ ನಾಣ್ಯವೂ ಕಿತ್ತು ಬಂತು, ಒಳಗಿನ ಜಾಲರಿಯ ಗಂಧವೂ ಉದುರಿತು. ಹಗ್ಗ ಎಳೆದೆ. ಮಿಷನ್ ಇಡೀ ಬೀದಿಗೆ ಕೇಳುವ ಹಾಗೆ ಶುರುವಾಯಿತು. ಮಾವನವರು ಆ ನಾಣ್ಯವನ್ನೇ ನನ್ನ ಅಂಗೈಗೆ ಹಾಕಿದರು.

"ತಗೋ ಮೇಸ್ತ್ರಿ, ಕೂಲಿ."

ಆಮೇಲೆ ಓಡಿದರು. ರಾಹುಕಾಲಕ್ಕೆ ಮೊದಲೇ ಕೊಂಬೆ ಬಿತ್ತು, ಕಂಬ ನಿಂತಿತು, ಅತ್ತೆ ಹಾಲು ಹುಯ್ದರು. ನಾನು ಮೊಣಕೈವರೆಗೆ ಮಸಿ ಮೆತ್ತಿಕೊಂಡು ರಸ್ತೆ ದಾಟಿ ಅಂಗಳಕ್ಕೆ ಬಂದೆ. ಬೀಗರಲ್ಲಿ, ಅಷ್ಟು ದೂರದಿಂದ ನನ್ನ ಗುರುತು ಹಿಡಿಯದ ಹಿರಿಯರೊಬ್ಬರು ಮಾವನವರನ್ನು ಕೇಳುತ್ತಿದ್ದರು, ಮೇಸ್ತ್ರಿ ಚೆನ್ನಾಗಿ ಮಾಡಿದ, ಯಾವೂರವನು, ನಮ್ಮದೊಂದು ಮಿಷನ್ ಕೆಟ್ಟಿದೆ ಎಂದು.

"ಅವನು ಕೆಲಸ ಮುಗಿಸ್ಕೊಂಡು ಹೋದ" ಎಂದರು ಮಾವನವರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವರು ನಮ್ಮ ದೊಡ್ಡ ಅಳಿಯಂದ್ರು. ಬನ್ನಿ ಅಳಿಯಂದ್ರೆ, ಯಾಕೆ ನಿಂತೇ ಇದೀರ, ಕೈಕಾಲಿಗೆ ನೀರು ತಗೊಳ್ಳಿ."

ಪ್ಲಗ್ಗಿಗೆ ಕರೆಂಟು

ಮದುವೆ ಮುಗಿದು ಸ್ವಲ್ಪ ದಿನಕ್ಕೆ, ಅಂಗಡಿಯ ಬಾಗಿಲಲ್ಲಿ ಮಾವನವರು ಕಾಣಿಸಿಕೊಂಡರು. ಹೆಗಲ ಮೇಲೆ ಗೋಣಿಚೀಲ. ಪಟ್ಟಿ ಹೊರಗೆ ಚಾಚಿತ್ತು. ನಾನು ದಡಬಡಿಸಿ ಎದ್ದು, ಬನ್ನಿ ಮಾವ ಎಂದೆ. ಅವರು ಹತ್ತಿದ ಮೆಟ್ಟಿಲನ್ನು ಇಳಿದುಬಿಟ್ಟರು.

"ಮಾವ ಗೀವ ಅಂದ್ರೆ ಕೋಲಾರದ ಬಸ್ಸು ಹತ್ತುತೀನಿ."

ಅರ್ಥವಾಯಿತು. ಮತ್ತೆ ಕೂತು, ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡು, "ಏನ್ ಯಜಮಾನ್ರೆ, ಏನ್ ತೊಂದ್ರೆ?" ಎಂದೆ.

"ಸ್ಟಾರ್ಟ್ ಆಗ್ತಿಲ್ಲ ಕಣಯ್ಯಾ ಮೇಸ್ತ್ರಿ. ಏನೇನೋ ಮಾಡಿದೆ."

ಚೀಲದಿಂದ ತೆಗೆದೆ. ಅಂತೂ ಇಂತೂ ಆ ಮಿಷನ್ ನನ್ನ ಮೇಜಿನ ಮೇಲೆ ಕೂತಿತ್ತು. ನೋಡಿದರೆ ಸ್ವಿಚ್ಚು ಆಫ್. ತಲೆ ಎತ್ತಿದೆ. ಮಾವನವರು ಗೋಡೆಯ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ಓದುತ್ತಿದ್ದರು. ನಾನೂ ಗಮನವಿಟ್ಟು ಫಿಲ್ಟರ್ ಬಿಚ್ಚಿದೆ, ಪ್ಲಗ್ಗು ಒರೆಸಿದೆ, ಕೊನೆಗೆ ಸ್ವಿಚ್ಚು ಆನ್ ಮಾಡಿ ಎಳೆದೆ. ಒಂದೇ ಎಳೆತಕ್ಕೆ ಶುರುವಾಯಿತು.

"ಏನಾಗಿತ್ತು?"

"ಪ್ಲಗ್ಗಿಗೆ ಕರೆಂಟು ಸೇರ್ತಾ ಇರಲಿಲ್ಲ ಯಜಮಾನ್ರೆ."

"ನಾನೂ ಹಂಗೇ ಅಂದ್ಕೊಂಡೆ" ಎಂದು, ಟೀ ಅಂಗಡಿಯವರಿಗೂ ಬಸ್ಸಿಗೆ ನಿಂತವರಿಗೂ ಕಾಣುವ ಹಾಗೆ ಮಿಷನ್ನನ್ನು ಚೀಲವಿಲ್ಲದೆ ಹೆಗಲ ಮೇಲಿಟ್ಟುಕೊಂಡು ಹೊರಟರು. ಚೀಲ ನನ್ನ ಬೆಂಚಿನ ಮೇಲೇ ಉಳಿಯಿತು.

ಸಂಜೆ ಅತ್ತೆಗೆ ಫೋನು ಮಾಡಿ, ಮಿಷನ್ ಈಗ ಸರಿಯಾಗಿ ಸ್ಟಾರ್ಟ್ ಆಗುತ್ತಿದೆಯೇ ಎಂದು ಕೇಳಿದೆ. ಅತ್ತೆಗೆ ಆಶ್ಚರ್ಯವಾಯಿತು.

"ಅದಕ್ಕೇನಾಗಿತ್ತು? ಬೆಳಿಗ್ಗೆ ಹಿತ್ತಲ ಮರಾನೆಲ್ಲ ಅದರಲ್ಲೇ ಕುಯ್ದ್ರಲ್ಲ. ಆಮೇಲೆ ಏನೋ ಚೀಲಕ್ಕೆ ತುಂಬ್ಕೊಂಡು ಹೊರಟ್ರು. ಏನ್ರೀ ಅದು ಅಂದೆ. ಬಾಳೆಗೊನೆ, ಅಳಿಯಂದ್ರಿಗೆ ಕೊಟ್ಟು ಬರ್ತೀನಿ ಅಂದ್ರು."